ತೊಡೆಯ ಹಿಂದೆ ಹರಿದ ಸ್ನಾಯು: ಮತ್ತೆ ಹರಿಯದಂತೆ ಮೈದಾನಕ್ಕೆ ಮರಳುವ ಕ್ರಮ

ಹ್ಯಾಮ್‌ಸ್ಟ್ರಿಂಗ್ ಗಾಯ ಮಾಡಿಕೊಂಡ ಹವ್ಯಾಸಿ ಆಟಗಾರರು ಹೇಳುವ ಕಥೆ ಹೆಚ್ಚೂಕಡಿಮೆ ಒಂದೇ. ಎರಡನೇ ರನ್ನಿಗೆ ತಿರುಗಿ ಓಡುವಾಗ ತೊಡೆಯ ಹಿಂದೆ ಚುಳ್ ಎಂದಿತು. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡೆ, ಕಾಲು ಎತ್ತಿ ಎಳೆಸಿಕೊಂಡೆ, ಮೂರು ವಾರ ಸುಮ್ಮನಿದ್ದೆ. ನೋವು ಪೂರ್ತಿ ಹೋಯಿತು. ಮೊದಲ ಪಂದ್ಯದಲ್ಲೇ ಮತ್ತೆ ಅದೇ ಜಾಗ.

ಇವರು ಶ್ರದ್ಧೆಯಿಲ್ಲದೆ ಸೋತವರಲ್ಲ, ಕ್ರಮ ತಪ್ಪಿ ಸೋತವರು. ಆಮೇಲೆ ಬರಬೇಕಾದ ಮಸಾಜ್ ಮತ್ತು ಸ್ಟ್ರೆಚಿಂಗ್ ಮೊದಲ ಗಂಟೆಯಲ್ಲೇ ಬಂದವು. ಮೊದಲ ವಾರದಲ್ಲೇ ಶುರುವಾಗಬೇಕಾದ ಬಲವರ್ಧನೆ ಬರಲೇ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾದ ವೇಗದ ಓಟ ನೇರವಾಗಿ ಪಂದ್ಯದ ದಿನವೇ ಬಂತು. ಕೆಳಗಿರುವುದು ಸಾಧಾರಣದಿಂದ ಮಧ್ಯಮ ಪ್ರಮಾಣದ ಗಾಯಕ್ಕೆ. ಸ್ನಾಯು ಪೂರ್ತಿ ಕಿತ್ತುಬಂದಿದ್ದರೆ ಅದು ವೈದ್ಯರ ಕೆಲಸ. ಅದನ್ನು ಗುರುತಿಸುವ ಬಗೆಯನ್ನೂ ಹೇಳಿದ್ದೇನೆ.

ಬೇಕಾಗುವ ಸಾಮಾನು

ಕ್ರೇಪ್ ಬ್ಯಾಂಡೇಜ್, ಐಸ್, ಚಾಪೆ, ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿ, ಕಾಲುಚೀಲ ಹಾಕಿದರೆ ಜಾರುವಂಥ ನುಣುಪಾದ ನೆಲ, ಒಂದು ಪೊರಕೆಯ ಕೋಲು, ಹೆಗಲ ಚೀಲ ಮತ್ತು ಅದರಲ್ಲಿ ತುಂಬಲು ಐದರಿಂದ ಹತ್ತು ಕೆ.ಜಿ. ಅಕ್ಕಿ. ಕೊನೆಯ ಹಂತಗಳಿಗೆ 60 ಮೀಟರ್ ಸಮತಟ್ಟಾದ ಜಾಗ ಬೇಕು. ಮಸಾಜ್ ಗನ್ ಈ ಪಟ್ಟಿಯಲ್ಲಿಲ್ಲ. ಕೊಳ್ಳುವ ಯೋಚನೆಯಿದ್ದರೆ ಆ ಹಣದಲ್ಲಿ ಒಮ್ಮೆ ಒಳ್ಳೆಯ ಫಿಸಿಯೊಥೆರಪಿಸ್ಟ್ ಬಳಿ ಹೋಗಿ ಬನ್ನಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ನೋಟ್‌ಬುಕ್. ನೋವಿಗೆ 0ಯಿಂದ 10ರವರೆಗೆ ಅಂಕ ಕೊಟ್ಟು ದಿನವೂ ಬರೆಯಿರಿ. ಬಲದ ವ್ಯಾಯಾಮದಲ್ಲಿ ನೋವು 4 ದಾಟಬಾರದು, ಮರುದಿನ ಬೆಳಿಗ್ಗೆ ಹಿಂದಿನ ಬೆಳಿಗ್ಗೆಗಿಂತ ಹೆಚ್ಚಿರಬಾರದು. ಚೂರೂ ನೋವಿಲ್ಲದೆಯೇ ಮಾಡಬೇಕೆಂಬ ಹಳೆಯ ನಿಯಮವನ್ನು ಆಸ್ಟ್ರೇಲಿಯಾದ ಸಂಶೋಧಕರು 43 ಗಾಯಾಳುಗಳ ಮೇಲೆ ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದರು. ನಾಲ್ಕರವರೆಗೆ ನೋವು ಸಹಿಸಿ ವ್ಯಾಯಾಮ ಮಾಡಿದವರು ಗುಣವಾಗುವುದು ತಡವಾಗಲಿಲ್ಲ, ಬಲ ಮಾತ್ರ ಚೆನ್ನಾಗಿ ಉಳಿಯಿತು. ಓಟಕ್ಕೆ ಮತ್ತು ಸ್ನಾಯು ಪೂರ್ತಿ ಚಾಚುವ ವ್ಯಾಯಾಮಗಳಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ನೋವು ಶುರುವಾಗುವ ಮುನ್ನವೇ ನಿಲ್ಲಬೇಕು.

ಹಂತ 1: ಹಿಡಿದುಕೊಂಡಿದೆಯೋ, ಹರಿದಿದೆಯೋ?

ಮೈದಾನದಲ್ಲಿ ಆಗುವ ಮೊದಲ ತಪ್ಪು ಇದೇ. ಒಬ್ಬ ಬಿದ್ದ ಕೂಡಲೇ ಇನ್ನೊಬ್ಬ ಓಡಿಬಂದು ಅವನ ಕಾಲನ್ನು ನೆಟ್ಟಗೆ ಮೇಲೆತ್ತಿ ಪಾದವನ್ನು ಒತ್ತುತ್ತಾನೆ. ಸ್ನಾಯು ಸೆಟೆದು ಹಿಡಿದುಕೊಂಡಿದ್ದರೆ ಇದು ಸರಿಯಾದ ಉಪಚಾರ. ಹರಿದಿದ್ದರೆ ಹರಿದದ್ದನ್ನು ಇನ್ನಷ್ಟು ಎಳೆದಂತಾಗುತ್ತದೆ.

ಹಿಡಿದುಕೊಂಡ ಸ್ನಾಯು ಕೈಗೆ ಗಂಟಿನಂತೆ ಗಟ್ಟಿಯಾಗಿ ಸಿಗುತ್ತದೆ. ದಣಿದ ಮೇಲೆ, ಪಂದ್ಯದ ಕೊನೆಯ ಭಾಗದಲ್ಲಿ ಬರುವುದೇ ಹೆಚ್ಚು. ನಿಧಾನವಾಗಿ ಚಾಚಿದರೆ ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಹರಿದ ಸ್ನಾಯುವಿಗೆ ಒಂದು ಕ್ಷಣವಿರುತ್ತದೆ: 'ಆ ಹೆಜ್ಜೆಯಲ್ಲೇ ಆಯಿತು' ಎಂದು ಆಟಗಾರ ಹೇಳಬಲ್ಲ, ಒಂದೇ ಬೆರಳಿಟ್ಟು ಜಾಗವನ್ನೂ ತೋರಿಸಬಲ್ಲ. ಬೋರಲು ಮಲಗಿ ಮಂಡಿಯನ್ನು ಸ್ವಲ್ಪ ಮಡಿಸಿ, ಹಿಮ್ಮಡಿಯನ್ನು ಗೆಳೆಯನ ಕೈಗೆ ಮೆಲ್ಲನೆ ಒತ್ತಿದರೆ ಅದೇ ಜಾಗ ನೋಯುತ್ತದೆ. ಅನುಮಾನವಿದ್ದರೆ ಹರಿದಿದೆ ಎಂದೇ ತಿಳಿದು ಆಟ ನಿಲ್ಲಿಸಿ.

ಯಾವ ಕ್ಷಣವೂ ನೆನಪಿಲ್ಲದೆ ಪೃಷ್ಠದಿಂದ ಮೀನಖಂಡದವರೆಗೆ ಎಳೆಯುವ ನೋವು, ಜೋಮು, ಕೆಮ್ಮಿದರೆ ಹೆಚ್ಚಾಗುವ ಸೆಳೆತ ಇದ್ದರೆ ಮೂಲ ಬೆನ್ನಿನ ನರದಲ್ಲಿರಬಹುದು. ಅದಕ್ಕೆ ಈ ಬರಹದ ವ್ಯಾಯಾಮಗಳು ಹೊಂದುವುದಿಲ್ಲ.

ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭಗಳು: 'ಪಟ್' ಎಂದು ಕೇಳಿಸಿ ಹೆಜ್ಜೆ ಇಡಲಾಗದಿದ್ದರೆ, ನೋವು ಕುಳಿತಾಗ ಒತ್ತುವ ಮೂಳೆಯ ಮೇಲೆಯೇ ಇದ್ದರೆ, ಮುಟ್ಟಿದಾಗ ತಗ್ಗು ಸಿಕ್ಕರೆ, ಒಂದೆರಡು ದಿನದಲ್ಲಿ ಕಪ್ಪು-ನೀಲಿ ಕಲೆ ತೊಡೆಯ ಹಿಂಭಾಗವನ್ನೆಲ್ಲ ಆವರಿಸಿದರೆ. ಗಾಯಾಳು ಹದಿಹರೆಯದವನಾಗಿದ್ದರೆ ಇನ್ನೂ ಎಚ್ಚರ ಬೇಕು. ಬೆಳೆಯುವ ವಯಸ್ಸಿನಲ್ಲಿ ಸ್ನಾಯುವಿಗಿಂತ ಅದು ಅಂಟಿರುವ ಮೂಳೆಯ ಭಾಗವೇ ದುರ್ಬಲ. ಅದೇ ಕಿತ್ತುಬರಬಹುದು, ಎಕ್ಸ್-ರೇ ಇಲ್ಲದೆ ಗೊತ್ತಾಗುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಮನೆಯಲ್ಲೇ ನೋಡಿಕೊಳ್ಳುವುದು ಬೇಡ.

ಹಂತ 2: ಮೊದಲ ಎರಡು ದಿನ

ಈ ಹಂತದಲ್ಲಿ ಮಾಡುವುದು ಕಡಿಮೆ, ಮಾಡದಿರುವುದು ಹೆಚ್ಚು.

ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು-ಹದಿನೈದು ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಅದರ ಉಪಯೋಗ ಅಷ್ಟೇ. ವಿಶ್ರಾಂತಿ, ಐಸ್, ಒತ್ತುಪಟ್ಟಿ, ಕಾಲೆತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸ್ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದೆಂದು 2014ರಲ್ಲಿ ಒಪ್ಪಿಕೊಂಡರು. ಆದ್ದರಿಂದ ಇಡೀ ದಿನ ಐಸ್ ಕಟ್ಟಿಕೊಂಡು ಕೂರಬೇಡಿ.

ಕ್ರೇಪ್ ಬ್ಯಾಂಡೇಜನ್ನು ಮಂಡಿಯ ಮೇಲಿನಿಂದ ಶುರುಮಾಡಿ ತೊಡೆಯ ಮೇಲ್ಭಾಗದತ್ತ ಸುತ್ತಿ. ಪಾದ ತಣ್ಣಗಾದರೆ ಅಥವಾ ಜುಮುಗುಟ್ಟಿದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಮಲಗುವಾಗ ಬಿಚ್ಚಿಡಿ. ಮನೆಯೊಳಗೆ ಸಣ್ಣ ಹೆಜ್ಜೆಗಳಲ್ಲಿ ಓಡಾಡಿ. ಕುಂಟುತ್ತಿದ್ದರೆ ಗಾಯವಾಗದ ಕಡೆಯ ಕೈಯಲ್ಲಿ ಊರುಗೋಲು ಹಿಡಿಯಿರಿ.

ಬೇಡವಾದವು: ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿನೀರಿನ ಶಾಖ, ಮದ್ಯ, 'ಸ್ವಲ್ಪ ಓಡಿ ನೋಡೋಣ' ಎಂಬ ಪರೀಕ್ಷೆ, ಬಗ್ಗಿ ಕಾಲ್ಬೆರಳು ಮುಟ್ಟುವ ಸಾಹಸ. ಒಳಗೆ ಇನ್ನೂ ರಕ್ತ ಜಿನುಗುತ್ತಿರುವಾಗ ಶಾಖ ಮತ್ತು ಒತ್ತಡ ಅದನ್ನು ಹೆಚ್ಚಿಸುತ್ತವೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ.

ಹಂತ 3: ಎರಡನೇ ಅಥವಾ ಮೂರನೇ ದಿನದಿಂದಲೇ ಕೆಲಸ

ಇಲ್ಲಿ ಹೆಚ್ಚಿನವರು ಹಿಂಜರಿಯುತ್ತಾರೆ. ಡೆನ್ಮಾರ್ಕಿನಲ್ಲಿ ತೊಡೆ ಅಥವಾ ಮೀನಖಂಡದ ಸ್ನಾಯು ಹರಿದ 50 ಹವ್ಯಾಸಿ ಆಟಗಾರರಲ್ಲಿ ಒಂದು ಗುಂಪಿಗೆ ಎರಡನೇ ದಿನ, ಇನ್ನೊಂದು ಗುಂಪಿಗೆ ಒಂಬತ್ತನೇ ದಿನ ವ್ಯಾಯಾಮ ಶುರುಮಾಡಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು: ಮೊದಲ ಗುಂಪು ನೋವಿಲ್ಲದೆ ಆಟಕ್ಕೆ ಮರಳಲು ತೆಗೆದುಕೊಂಡ ಮಧ್ಯಮ ಅವಧಿ 62.5 ದಿನ, ಎರಡನೆಯದು 83 ದಿನ. ಒಂದು ವಾರ ಕಾದದ್ದಕ್ಕೆ ತೆತ್ತದ್ದು ಸುಮಾರು ಮೂರು ವಾರ. ಅಂದಹಾಗೆ, ಬೇಗ ಶುರುಮಾಡಿದವರಿಗೂ ಎರಡು ತಿಂಗಳು ಹಿಡಿಯಿತು ಎಂಬುದನ್ನು ಗಮನಿಸಿ. 'ಹತ್ತು ದಿನದಲ್ಲಿ ಆಡಿಸುತ್ತೇನೆ' ಎನ್ನುವವರಿಂದ ದೂರವಿರಿ.

ಮೊದಲ ವ್ಯಾಯಾಮ ಹಿಮ್ಮಡಿ ಒತ್ತುವುದು. ಅಂಗಾತ ಮಲಗಿ, ಮಂಡಿ ಮಡಿಸಿ, ಗಾಯದ ಕಾಲಿನ ಹಿಮ್ಮಡಿಯನ್ನು ಚಾಪೆಯೊಳಗೆ ಹೂತುಬಿಡುವಂತೆ ಕೆಳಗೂ ನಿಮ್ಮತ್ತಲೂ ಒತ್ತಿ. ಕಾಲು ಸರಿಯಬಾರದು, ಸ್ನಾಯು ಮಾತ್ರ ಬಿಗಿಯಬೇಕು. ಹತ್ತು ಸೆಕೆಂಡಿನಂತೆ ಐದು ಸಲ. ಪಾದವನ್ನು ಒಂದು ಗೇಣು ಮುಂದಿಟ್ಟು ಮತ್ತೆ ಐದು ಸಲ. ದಿನಕ್ಕೆ ಎರಡು ಹೊತ್ತು. ಉಸಿರು ಹಿಡಿಯುವುದು ಇಲ್ಲಿನ ಸಾಮಾನ್ಯ ತಪ್ಪು.

ಎರಡನೆಯದು ಸೇತುಬಂಧಾಸನದ ಭಂಗಿ: ಎರಡೂ ಪಾದ ಊರಿ ಸೊಂಟವನ್ನು ಮೇಲೆತ್ತಿ, ಎರಡು ಎಣಿಸಿ, ನಿಧಾನವಾಗಿ ಇಳಿಸುವುದು. ಹತ್ತರಂತೆ ಮೂರು ಸುತ್ತು. ಹಗುರವೆನಿಸಿದಾಗ ಪಾದಗಳನ್ನು ಸ್ವಲ್ಪ ಸ್ವಲ್ಪ ದೂರಕ್ಕೆ ಸರಿಸಿ. ಪಾದ ಪೃಷ್ಠದಿಂದ ದೂರ ಹೋದಷ್ಟೂ ಭಾರ ಹ್ಯಾಮ್‌ಸ್ಟ್ರಿಂಗ್ ಮೇಲೆ ಬೀಳುತ್ತದೆ. ನೋಡಿದವರಿಗೆ ಎರಡೂ ಕಾಲು ದುಡಿಯುತ್ತಿರುವಂತೆ ಕಾಣುತ್ತದೆ. ನಿಜವಾಗಿ ಒಳ್ಳೆಯ ಕಾಲೇ ಎಲ್ಲವನ್ನೂ ಹೊರುತ್ತಿರುತ್ತದೆ. ಸೊಂಟದ ಎರಡು ಬದಿ ಒಂದೇ ಮಟ್ಟಕ್ಕೆ ಏಳುತ್ತಿದೆಯೇ ಎಂದು ಯಾರಾದರೂ ಪಾದದ ಕಡೆಯಿಂದ ನೋಡಲಿ.

ಮುಂದಿನ ಹಂತಕ್ಕೆ ಹೋಗುವ ಗುರುತು: ಇಪ್ಪತ್ತು ನಿಮಿಷ ಬಿರುಸಾಗಿ ನಡೆದರೂ ಕುಂಟದಿರುವುದು, ಮೆಟ್ಟಿಲು ಇಳಿಯುವಾಗ ಹಿಡಿಕೆ ಬೇಡವಾಗುವುದು.

ಹಂತ 4: ಉದ್ದವಾಗುತ್ತಲೇ ಬಲ

ಈ ಹಂತವೇ ಹೃದಯಭಾಗ; ಕಾರಣ ತಿಳಿದರೆ ಮಾತ್ರ ತಾಳ್ಮೆ ಬರುತ್ತದೆ. ಹ್ಯಾಮ್‌ಸ್ಟ್ರಿಂಗ್ ಸೊಂಟದ ಕೀಲನ್ನೂ ಮಂಡಿಯನ್ನೂ ದಾಟುವ ಮೂರು ಸ್ನಾಯುಗಳ ಕಟ್ಟು. ವೇಗವಾಗಿ ಓಡುವಾಗ ಕಾಲು ಮುಂದಕ್ಕೆ ಬೀಸಿ ಪಾದ ನೆಲ ಮುಟ್ಟುವ ಮುನ್ನ, ಬೀಸಿಬರುವ ಮೊಣಕಾಲಿನ ಕೆಳಭಾಗಕ್ಕೆ ಬ್ರೇಕ್ ಹಾಕುವುದು ಇದೇ ಕಟ್ಟು. ಆ ಹೊತ್ತಿನಲ್ಲಿ ಅದು ಉದ್ದಕ್ಕೆ ಚಾಚಿಕೊಂಡಿರುತ್ತದೆ ಮತ್ತು ಪೂರ್ತಿ ಬಲವನ್ನೂ ಹಾಕುತ್ತಿರುತ್ತದೆ. ಓಟದ ಗಾಯಗಳು ಹೆಚ್ಚಾಗಿ ಆಗುವುದು ಅಲ್ಲೇ. ಸುಮ್ಮನೆ ಚಾಚುವುದರಿಂದಾಗಲಿ ಜಿಮ್‌ನಲ್ಲಿ ಕಾಲು ಮಡಿಸುವ ಯಂತ್ರದಿಂದಾಗಲಿ ಈ ಕೆಲಸಕ್ಕೆ ತಯಾರಿ ಸಾಲದು.

ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ಮತ್ತು ಸಂಗಡಿಗರು 75 ಉನ್ನತ ಮಟ್ಟದ ಫುಟ್‌ಬಾಲ್ ಆಟಗಾರರಲ್ಲಿ ಎರಡು ವಿಧಾನಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ರೂಢಿಯ ವ್ಯಾಯಾಮ ಮಾಡಿದವರು ಸರಾಸರಿ 51 ದಿನಕ್ಕೆ ತಂಡದ ಪೂರ್ಣ ಅಭ್ಯಾಸಕ್ಕೆ ಮರಳಿದರೆ, ಸ್ನಾಯು ಉದ್ದವಾಗುತ್ತಾ ಬಲ ಹಾಕುವ ಮೂರು ವ್ಯಾಯಾಮ ಮಾಡಿದವರು 28 ದಿನಕ್ಕೇ ಮರಳಿದರು. ಅವರಿಗೆ ಇವುಗಳನ್ನು ಗಾಯವಾದ ಐದನೇ ದಿನ ಶುರುಮಾಡಿಸಿದ್ದರು. ದಿನವಿಡೀ ತಂಡದ ಆರೈಕೆಯಲ್ಲಿರುವವರ ಲೆಕ್ಕವದು. ಕಚೇರಿ ಕುರ್ಚಿಯಲ್ಲಿ ಎಂಟು ಗಂಟೆ ಕೂರುವವರು 28 ಅನ್ನು ಗುರಿಯಾಗಿ ಗೋಡೆಗೆ ಬರೆದುಕೊಳ್ಳುವುದು ಬೇಡ. ವ್ಯಾಯಾಮಗಳು ಮಾತ್ರ ಯಾರಿಗಾದರೂ ಒಗ್ಗುತ್ತವೆ.

1. ಮಲಗಿ ಮಂಡಿ ಬಿಡಿಸುವುದು. ಅಂಗಾತ ಮಲಗಿ ಗಾಯದ ಕಾಲಿನ ತೊಡೆಯನ್ನು ಎರಡೂ ಕೈಯಿಂದ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮಂಡಿಯನ್ನು ನಿಧಾನವಾಗಿ ಬಿಡಿಸುತ್ತಾ ಹೋಗಿ, ನೋವು ಬರುವ ಮುನ್ನ ನಿಲ್ಲಿಸಿ ಮಡಿಸಿ. ಹನ್ನೆರಡರಂತೆ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು.

2. ಒಂಟಿ ಕಾಲಿನ ಬಾಗು. ಗಾಯದ ಕಾಲಿನ ಮೇಲೆ ನಿಂತು, ಮಂಡಿಯನ್ನು ತುಸು ಸಡಿಲಿಸಿ, ನೀರಿಗೆ ಧುಮುಕುವವರಂತೆ ಕೈ ಮುಂದೆ ಚಾಚುತ್ತಾ ಸೊಂಟದಿಂದ ಬಾಗಿ. ಇನ್ನೊಂದು ಕಾಲು ಮಂಡಿ ಮಡಿಸಿಕೊಂಡು ಹಿಂದಕ್ಕೆ ಏಳಲಿ. ಆರರಂತೆ ಮೂರು ಸುತ್ತು, ದಿನ ಬಿಟ್ಟು ದಿನ.

3. ಜಾರುವುದು. ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು, ಗಾಯದ ಕಾಲಿನ ಹಿಮ್ಮಡಿಯ ಮೇಲೆ ಪೂರ್ತಿ ಭಾರ ಬಿಟ್ಟು, ಕಾಲುಚೀಲ ಹಾಕಿದ ಇನ್ನೊಂದು ಪಾದವನ್ನು ಹಿಂದಕ್ಕೆ ಜಾರಿಸುತ್ತಾ ಹೋಗಿ. ನೋವಿನ ಗಡಿಗೆ ಮೊದಲೇ ನಿಂತು, ಎರಡೂ ಕೈ ಊರಿ ಮೇಲೇಳಿ. ಏಳಲು ಗಾಯದ ಕಾಲನ್ನು ದುಡಿಸಬೇಡಿ. ನಾಲ್ಕರಂತೆ ಮೂರು ಸುತ್ತು, ಮೂರು ದಿನಕ್ಕೊಮ್ಮೆ. ಗಾಯದ ಪಾದಕ್ಕೆ ಶೂ ಇರಲಿ. ಎರಡೂ ಪಾದ ಜಾರಿದರೆ ಕಥೆ ಬೇರೆಯಾಗುತ್ತದೆ.

ಇವು ಸಲೀಸಾದ ಮೇಲೆ ಅಕ್ಕಿಯ ಚೀಲ ಹೊರಗೆ ಬರಲಿ. ಚೀಲವನ್ನು ಎರಡೂ ಕೈಯಲ್ಲಿ ತೊಡೆಯ ಮುಂದೆ ಹಿಡಿದು, ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತಾ ಬಾಗಿ, ಮೂರು ಎಣಿಸುತ್ತಾ ಇಳಿದು, ಒಂದು ಎಣಿಸುತ್ತಾ ಏಳಿ. ಎಂಟರಂತೆ ಮೂರು ಸುತ್ತು. ಬಾಗುವ ವ್ಯಾಯಾಮಗಳಲ್ಲೆಲ್ಲ ಬಹುತೇಕರು ಸೊಂಟದ ಬದಲು ಬೆನ್ನನ್ನು ಗೂನು ಮಾಡಿ ಮೋಸಹೋಗುತ್ತಾರೆ. ಕಲಿಯುವಾಗ ಚೀಲವಿಲ್ಲದೆ, ಪೊರಕೆಯ ಕೋಲನ್ನು ಬೆನ್ನಿಗೆ ನೆಟ್ಟಗೆ ಹಿಡಿದು ಬಾಗಿ ನೋಡಿ. ಕೋಲು ತಲೆಯ ಹಿಂಭಾಗ, ಬೆನ್ನಿನ ನಡು, ಬೆನ್ನುಮೂಳೆಯ ತುದಿ ಮೂರನ್ನೂ ಮುಟ್ಟಿಕೊಂಡೇ ಇರಬೇಕು. ಒಂದು ಬಿಟ್ಟರೂ ಕೆಲಸ ಹ್ಯಾಮ್‌ಸ್ಟ್ರಿಂಗ್‌ನಿಂದ ಬೆನ್ನಿಗೆ ಸರಿದಿದೆ.

ಮಸಾಜ್ ಮತ್ತು ಸ್ಟ್ರೆಚಿಂಗ್ ಎಲ್ಲಿ ಕೂರುತ್ತವೆ?

ಇವಕ್ಕೆ ನಾನು ಹಂತದ ಸಂಖ್ಯೆ ಕೊಟ್ಟಿಲ್ಲ. ಇವು ಜೊತೆಗಾರರು, ಬಂಡಿ ಎಳೆಯುವವರಲ್ಲ.

ನಾಲ್ಕನೇ ಹಂತ ಶುರುವಾದ ಮೇಲೆ ಹಗುರವಾದ ಮಸಾಜ್ ಮಾಡಿಸಿಕೊಳ್ಳಬಹುದು: ಗಾಯದ ಮೇಲ್ಭಾಗ, ಕೆಳಭಾಗ, ಪೃಷ್ಠ, ಮೀನಖಂಡ. ಹರಿದ ಜಾಗವನ್ನೇ ಹೆಬ್ಬೆರಳಿನಿಂದ ಅಗೆಯುವುದು ಬೇಡ. ಮಸಾಜ್‌ನಿಂದ ಬಿಗಿತ ಮತ್ತು ವ್ಯಾಯಾಮದ ಮರುದಿನದ ಮೈಕೈ ನೋವು ಕೊಂಚ ಇಳಿಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. 'ಲ್ಯಾಕ್ಟಿಕ್ ಆ್ಯಸಿಡ್ ಹೊರಹಾಕುತ್ತದೆ' ಎಂಬುದು ಮಾತ್ರ ಹುರುಳಿಲ್ಲದ ಮಾತು. ಅದು ಆಟ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ ತಾನಾಗಿಯೇ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. 2012ರಲ್ಲಿ ಕೆನಡಾದ ಸಂಶೋಧಕರು ಮಸಾಜ್ ಮಾಡಿದ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದಾಗ ಉರಿಯೂತದ ಸಂಕೇತಗಳು ತಗ್ಗಿದ್ದು ಕಂಡಿತು, ಲ್ಯಾಕ್ಟೇಟ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಮಸಾಜ್ ಮಾಡಿಸಲೇಬಾರದು. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಸ್ಟ್ರೆಚಿಂಗ್ ಬಗ್ಗೆ ನನ್ನ ಬಿಗಿ ನಿಲುವಿಗೆ ಆಧಾರ 2004ರ ಒಂದು ಅಮೆರಿಕನ್ ಪ್ರಯೋಗ. ಹ್ಯಾಮ್‌ಸ್ಟ್ರಿಂಗ್ ಹರಿದ 24 ಆಟಗಾರರಲ್ಲಿ 11 ಮಂದಿ ಸ್ಟ್ರೆಚಿಂಗ್ ಮತ್ತು ಬಿಡಿ ಬಲವರ್ಧನೆ ಮಾಡಿದರು, 13 ಮಂದಿ ಚುರುಕು ಹೆಜ್ಜೆಗಳ ಮತ್ತು ನಡುವನ್ನು ಸ್ಥಿರಗೊಳಿಸುವ ವ್ಯಾಯಾಮ ಮಾಡಿದರು. ಆಟಕ್ಕೆ ಮರಳಿದ ಎರಡೇ ವಾರದಲ್ಲಿ ಮೊದಲ ಗುಂಪಿನ ಆರು ಮಂದಿಗೆ ಮತ್ತೆ ಗಾಯವಾಯಿತು, ಎರಡನೇ ಗುಂಪಿನಲ್ಲಿ ಒಬ್ಬರಿಗೂ ಆಗಲಿಲ್ಲ. ಪ್ರಯೋಗ ಚಿಕ್ಕದು, ಆದರೂ ಅಂತರ ಕಣ್ಣಿಗೆ ರಾಚುತ್ತದೆ. ಸ್ಟ್ರೆಚಿಂಗ್ ಬೇಕೆನಿಸಿದರೆ ಸಂಜೆ, ಮೈ ಬೆಚ್ಚಗಿದ್ದಾಗ, 20–30 ಸೆಕೆಂಡು, ಹಿತವೆನಿಸುವಷ್ಟು ಮಾತ್ರ ಮಾಡಿ. ಓಟಕ್ಕೆ ಮುಂಚೆ ಒಂದು ನಿಮಿಷಕ್ಕೂ ಮೀರಿ ಒಂದೇ ಭಂಗಿಯಲ್ಲಿ ಚಾಚಿ ನಿಂತರೆ ಸ್ನಾಯುವಿನ ಬಲವೇ ತಾತ್ಕಾಲಿಕವಾಗಿ ಕುಗ್ಗುತ್ತದೆ.

ಹಂತ 5: ಓಟದ ಮೆಟ್ಟಿಲುಗಳು

ಇಲ್ಲಿಗೆ ಬರುವ ಹೊತ್ತಿಗೆ ನೋವು ಇರುವುದಿಲ್ಲ. ಅಪಾಯ ಇರುವುದೂ ಅದರಲ್ಲೇ.

60 ಮೀಟರ್ ಅಳೆದು, 20 ಮತ್ತು 40ರ ಹತ್ತಿರ ಚಪ್ಪಲಿಯನ್ನೋ ಇಟ್ಟಿಗೆಯನ್ನೋ ಗುರುತಿಗೆ ಇಡಿ. ಮೊದಲ 20 ಮೀಟರಿನಲ್ಲಿ ವೇಗ ಏರಿಸಿ, ನಡುವಿನ 20ರಲ್ಲಿ ಅದೇ ವೇಗ, ಕೊನೆಯ 20ರಲ್ಲಿ ನಿಧಾನವಾಗಿ ಇಳಿಸಿ. ಥಟ್ಟನೆ ನಿಲ್ಲುವುದು ಬೇಡ. ಹತ್ತು ನಿಮಿಷ ಮೆಲ್ಲನೆ ಓಡಿ ಮೈ ಬೆಚ್ಚಗಾದ ಮೇಲೆ ಇಂಥ ಆರು ಓಟ. ಮಧ್ಯೆ ನಡೆದುಕೊಂಡೇ ವಾಪಸಾಗಿ.

ಶುರು ಅರ್ಧ ವೇಗದಿಂದ. ಒಂದು ಮೆಟ್ಟಿಲಲ್ಲಿ ಎರಡು ದಿನದ ಓಟ ನೋವಿಲ್ಲದೆ ಮುಗಿದರೆ ಮುಂದಿನದು: ಶೇ 60, 70, 80, 90, ಪೂರ್ಣ ವೇಗ. ಎರಡು ಓಟದ ದಿನಗಳ ನಡುವೆ ಒಂದು ದಿನ ಖಾಲಿ ಬಿಡಿ, ನಾಲ್ಕನೇ ಹಂತದ ವ್ಯಾಯಾಮಗಳನ್ನು ಬಿಡಬೇಡಿ. ಶೇ 80ರವರೆಗೆ ಎಲ್ಲ ಸಲೀಸು ಎನಿಸುತ್ತದೆ. ಸ್ನಾಯುವಿನ ಮೇಲಿನ ಹೊರೆ ಕಡಿದಾಗಿ ಏರುವುದು ಅಲ್ಲಿಂದ ಮುಂದೆ. ಕೊನೆಯ ಎರಡು ಮೆಟ್ಟಿಲನ್ನು 'ಇನ್ನೇನು, ಸರಿಯಾಯಿತಲ್ಲ' ಎಂದು ಹಾರಿದವರೇ ಪಂದ್ಯದಲ್ಲಿ ಬೀಳುತ್ತಾರೆ.

ನೇರ ಓಟ ಮುಗಿದ ಮೇಲೆ ನಿಮ್ಮ ಆಟದ ಚಲನೆಗಳು. ಕ್ರಿಕೆಟಿಗನಾದರೆ ಕ್ರೀಸ್ ಮುಟ್ಟಿ ತಿರುಗುವುದು, ಓಡುತ್ತಲೇ ಬಗ್ಗಿ ಚೆಂಡೆತ್ತುವುದು. ಮೈ ಮುಂದಕ್ಕೆ ಬಾಗಿದ್ದು ಕಾಲು ಚಾಚಿರುವ ಕ್ಷಣದಲ್ಲಿ ಹ್ಯಾಮ್‌ಸ್ಟ್ರಿಂಗ್ ಅತಿ ಉದ್ದದಲ್ಲಿರುತ್ತದೆ. ಕಬಡ್ಡಿ ಆಟಗಾರನಾದರೆ ಕಾಲು ಚಾಚಿ ಮುಟ್ಟುವುದು, ಹಿಡಿತದಿಂದ ಎಳೆದುಕೊಂಡು ಗೆರೆಯತ್ತ ಬೀಳುವುದು. ಮೊದಲು ನಿಧಾನವಾಗಿ, ಎದುರಾಳಿಯಿಲ್ಲದೆ; ಆಮೇಲೆ ವೇಗದಲ್ಲಿ; ಕೊನೆಗೆ ದಣಿದಿರುವಾಗ.

ಹಂತ 6: ಪಂದ್ಯಕ್ಕೆ ಮುನ್ನ ಪರೀಕ್ಷೆ

ಕ್ಯಾಲೆಂಡರ್ ನೋಡಿ ಮರಳಬೇಡಿ. ಇವೆಲ್ಲವೂ ಆಗಬೇಕು:

ಗಾಯದ ಜಾಗವನ್ನು ಗಟ್ಟಿಯಾಗಿ ಒತ್ತಿದರೂ ನೋವಿಲ್ಲ. ಕುರ್ಚಿಯ ಮೇಲೆ ಒಂದು ಹಿಮ್ಮಡಿ ಇಟ್ಟು ಸೊಂಟ ಎತ್ತುವ ಒಂಟಿ ಕಾಲಿನ ಸೇತುವೆ ಎರಡೂ ಕಡೆ ಹೆಚ್ಚೂಕಡಿಮೆ ಅಷ್ಟೇ ಸಲ ಬರುತ್ತದೆ. ಒಳ್ಳೆಯ ಕಾಲಿಗೆ 25 ಬಂದರೆ ಗಾಯದ ಕಾಲಿಗೆ 22ಕ್ಕಿಂತ ಕಡಿಮೆಯಾಗಬಾರದು. ಪೂರ್ಣ ವೇಗದ ಎರಡು ದಿನದ ಓಟ ಮತ್ತು ತಂಡದೊಂದಿಗೆ ಒಂದು ಪೂರ್ತಿ ಅಭ್ಯಾಸ ಮುಗಿದಿದೆ.

ಕಡೆಯದು ಆಸ್ಕ್ಲಿಂಗ್ ಪರೀಕ್ಷೆ. ಅಂಗಾತ ಮಲಗಿ, ಮಂಡಿಯನ್ನು ನೆಟ್ಟಗೆ ಇಟ್ಟುಕೊಂಡು, ಕಾಲನ್ನು ಸಾಧ್ಯವಾದಷ್ಟು ವೇಗವಾಗಿ ಮೇಲಕ್ಕೆ ಬೀಸಿ. ಮೂರು ಸಲ. ಇಲ್ಲಿ ಕೇಳಿಕೊಳ್ಳಬೇಕಾದದ್ದು ನೋವಿನ ಬಗ್ಗೆ ಅಲ್ಲ, ಅಳುಕಿನ ಬಗ್ಗೆ. ಬೀಸುವಾಗ ಒಳಗೊಳಗೇ ಹಿಂಜರಿಕೆಯಾದರೆ ಸ್ನಾಯು ಇನ್ನೂ ಒಪ್ಪಿಲ್ಲ. ಮೂರರಿಂದ ಐದು ದಿನ ಬಿಟ್ಟು ಮತ್ತೆ ಮಾಡಿ. ಬೇರೆಲ್ಲ ಪರೀಕ್ಷೆ ಗೆದ್ದವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಆದ್ದರಿಂದಲೇ ಇದನ್ನು ಕೊನೆಗೆ ಇಟ್ಟಿರುವುದು, ಮೊದಲ ವಾರಗಳಲ್ಲಿ ಯಾರೂ ಪ್ರಯತ್ನಿಸಬಾರದು.

ಹಂತ 7: ಮರಳಿದ ಮೇಲೆ ನಾರ್ಡಿಕ್

ನಾರ್ಡಿಕ್ ಎಂಬ ಈ ವ್ಯಾಯಾಮಕ್ಕೆ ಮೆತ್ತೆಯ ಮೇಲೆ ಮಂಡಿಯೂರಿ. ಗೆಳೆಯ ಹಿಂದಿನಿಂದ ಎರಡೂ ಕಾಲ್ಗಂಟನ್ನು ನೆಲಕ್ಕೆ ಅದುಮಿ ಹಿಡಿಯಲಿ. ಮಂಡಿಯಿಂದ ತಲೆಯವರೆಗೆ ಮೈಯನ್ನು ನೆಟ್ಟಗೆ ಇಟ್ಟುಕೊಂಡು ಮುಂದಕ್ಕೆ ಆದಷ್ಟೂ ನಿಧಾನವಾಗಿ ಬೀಳಿ, ತಡೆಯಲಾಗದಾಗ ಕೈ ಊರಿ, ಕೈಯಿಂದಲೇ ತಳ್ಳಿಕೊಂಡು ಮೇಲೆ ಬನ್ನಿ. ಸೊಂಟ ಮಡಿಸಿ ಪೃಷ್ಠ ಹಿಂದೆ ಬಿಟ್ಟರೆ ವ್ಯಾಯಾಮ ಹಗುರವಾಗುತ್ತದೆ, ಪ್ರಯೋಜನವೂ ಹೋಗುತ್ತದೆ.

ಡೆನ್ಮಾರ್ಕಿನ 50 ಫುಟ್‌ಬಾಲ್ ತಂಡಗಳ 942 ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದನ್ನು ಮಾಡಿದ ತಂಡಗಳಲ್ಲಿ 15 ಹ್ಯಾಮ್‌ಸ್ಟ್ರಿಂಗ್ ಗಾಯಗಳಾದರೆ ಮಾಡದ ತಂಡಗಳಲ್ಲಿ 52 ಆದವು. ಅವರ ಕ್ರಮ ಹೀಗಿತ್ತು: ಮೊದಲ ವಾರ ಒಂದೇ ದಿನ, ಐದರಂತೆ ಎರಡು ಸುತ್ತು, ಎರಡನೇ ವಾರ ಎರಡು ದಿನ, ಆರರಂತೆ ಎರಡು ಸುತ್ತು, ಮೂರನೇ ವಾರ ಮೂರು ದಿನ, ಆರರಿಂದ ಎಂಟರಂತೆ ಮೂರು ಸುತ್ತು, ನಾಲ್ಕನೇ ವಾರ ಎಂಟರಿಂದ ಹತ್ತರಂತೆ, ಐದರಿಂದ ಹತ್ತನೇ ವಾರದವರೆಗೆ ಹನ್ನೆರಡು, ಹತ್ತು, ಎಂಟು. ಅಲ್ಲಿಂದಾಚೆ ವಾರಕ್ಕೊಮ್ಮೆ. ಮೊದಲ ವಾರವೇ ಇಪ್ಪತ್ತು ಮಾಡಿ ಮೂರು ದಿನ ಮೆಟ್ಟಿಲು ಹತ್ತಲಾಗದೆ, 'ಇದು ನಮಗಲ್ಲ' ಎಂದು ಕೈಬಿಟ್ಟವರೇ ಹೆಚ್ಚು. ಮೊದಲೆರಡು ವಾರ ತೊಡೆಯ ಹಿಂದೆಲ್ಲ ಹರಡಿದ ಮಂದ ನೋವು ಸಹಜ; ಹಳೆಯ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ಚುಚ್ಚು ಸಹಜವಲ್ಲ.

ಇದನ್ನು ಅಭ್ಯಾಸ ಮುಗಿದ ಮೇಲೆ ಮಾಡಿ, ಪಂದ್ಯದ ಹಿಂದಿನ ದಿನ ಬೇಡ. ಆಟದ ನಡುವೆ ಹಳೆಯ ಜಾಗ ಬಿಗಿದಂತೆನಿಸಿದರೆ ಆ ಓವರಿನಲ್ಲೇ, ಆ ರೈಡಿನಲ್ಲೇ ಹೊರಗೆ ಬನ್ನಿ. ಮರುದಿನ ಮೂರನೇ ಹಂತದ ಹಿಮ್ಮಡಿ ಒತ್ತಿ ನೋಡಿ. ನೋವಿಲ್ಲದಿದ್ದರೆ ಓಟದ ಮೆಟ್ಟಿಲಲ್ಲಿ ಎರಡು ಕೆಳಗಿಳಿದು ಮುಂದುವರಿಸಿ, ನೋವಿದ್ದರೆ ಎರಡನೇ ಹಂತದಿಂದ ಮತ್ತೆ ಶುರುಮಾಡಿ.